ಹೊಸ ಪ್ರೊಸೆಸರಿಗಾಗಿ ಕಾಯುವುದೋ, ಈಗಲೇ ಕಟ್ಟಿಸುವುದೋ?

ಪ್ರಶ್ನೆ: ನಾನು ಸಿಂಧನೂರಿನವನು. ಬಿ.ಕಾಂ. ಮುಗಿಸಿ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಎರಡು ವರ್ಷ ಕೂಡಿಟ್ಟ 90,000 ರೂಪಾಯಿಯಲ್ಲಿ ಗೇಮಿಂಗ್ ಕಂಪ್ಯೂಟರ್ ಕಟ್ಟಿಸಬೇಕೆಂದಿದ್ದೇನೆ. ಈಗ ಇರುವುದು ಇಂಟೆಲ್ ಐ5-4590, 8 ಜಿಬಿ ರ‍್ಯಾಮ್, ಜಿಟಿಎಕ್ಸ್ 1050 ಟಿಐ ಕಾರ್ಡ್ ಮತ್ತು 60 ಹರ್ಟ್ಸ್ ಮಾನಿಟರ್. ವ್ಯಾಲರಂಟ್, ಕೌಂಟರ್-ಸ್ಟ್ರೈಕ್ 2 ಆಡುತ್ತೇನೆ. ಹೊಸ ದೊಡ್ಡ ಆಟಗಳನ್ನೂ ಆಡುವ ಆಸೆಯಿದೆ. ಎಎಂಡಿ ರೈಜೆನ್ 5 7600 ಕೊಳ್ಳೋಣವೆಂದರೆ, ‘ಮುಂದಿನ ಜನರೇಶನ್ ಬರ್ತದ, ಸ್ವಲ್ಪ ತಡಿ’ ಎಂದು ಗೆಳೆಯರು ಹೇಳುತ್ತಾರೆ. ಕಾಯಲೇ ಸರ್?

ಉತ್ತರ: ಕಾಯಬೇಡಿ. ನಿಮ್ಮ ಹಣ, ನಿಮ್ಮ ಆಟಗಳು ಮತ್ತು ಈಗ ನಿಮ್ಮ ಮೇಜಿನ ಮೇಲಿರುವ ಯಂತ್ರ, ಈ ಮೂರನ್ನೂ ನೋಡಿ ಹೇಳುತ್ತಿರುವ ಮಾತಿದು. ಇದೇ ಪ್ರಶ್ನೆಯನ್ನು ಬೇರೆಯವರು ಕೇಳಿದ್ದರೆ ನಾನು ‘ಎರಡು ತಿಂಗಳು ತಡೆಯಿರಿ’ ಎಂದೂ ಹೇಳಬಹುದಿತ್ತು. ಆದ್ದರಿಂದ ಉತ್ತರಕ್ಕಿಂತ ಆ ಉತ್ತರಕ್ಕೆ ಬಂದ ದಾರಿಯನ್ನು ವಿವರವಾಗಿ ಬರೆಯುತ್ತೇನೆ. ನಿಮ್ಮ ಪರಿಸ್ಥಿತಿ ಬದಲಾದರೆ ನೀವೇ ಮತ್ತೆ ಲೆಕ್ಕ ಹಾಕಿಕೊಳ್ಳಬಹುದು.

ಮೊದಲು, ಆಟದಲ್ಲಿ ಪ್ರೊಸೆಸರ್ ಮಾಡುವ ಕೆಲಸವೇನು ಎಂಬುದನ್ನು ತಿಳಿಯೋಣ. ಪರದೆಯ ಮೇಲೆ ಮೂಡುವ ಪ್ರತಿಯೊಂದು ಫ್ರೇಮಿಗೂ ಎದುರಾಳಿ ಎಲ್ಲಿದ್ದಾನೆ, ಗುಂಡು ಯಾವ ದಿಕ್ಕಿಗೆ ಹೋಯಿತು, ಯಾವ ವಸ್ತುಗಳು ಕಣ್ಣಿಗೆ ಬೀಳಬೇಕು ಎಂಬ ಲೆಕ್ಕವನ್ನು ಪ್ರೊಸೆಸರ್ ಮಾಡಿ ಗ್ರಾಫಿಕ್ಸ್ ಕಾರ್ಡಿಗೆ ಒಪ್ಪಿಸುತ್ತದೆ. ಕಾರ್ಡ್ ಅದನ್ನು ಚಿತ್ರವಾಗಿ ಬಿಡಿಸುತ್ತದೆ. ನಮ್ಮ ಬಳ್ಳಾರಿಯ ಜೀನ್ಸ್ ಘಟಕಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಟಿಂಗ್ ಮಾಸ್ಟರ್ ದಿನಕ್ಕೆ ನೂರು ಪ್ಯಾಂಟಿನ ಬಟ್ಟೆ ಕತ್ತರಿಸಿ ಇಟ್ಟರೂ ಹೊಲಿಗೆಯವರು ಅರವತ್ತನ್ನೇ ಹೊಲಿಯುವುದಾದರೆ ಸಂಜೆಗೆ ಸಿಗುವುದು ಅರವತ್ತು ಪ್ಯಾಂಟು. ಆಗ ಇನ್ನೂ ಚುರುಕಾದ ಕಟಿಂಗ್ ಮಾಸ್ಟರನ್ನು ತಂದರೆ ಕತ್ತರಿಸಿದ ಬಟ್ಟೆಯ ರಾಶಿ ಬೆಳೆಯುತ್ತದೆಯೇ ಹೊರತು ಪ್ಯಾಂಟಿನ ಸಂಖ್ಯೆ ಬೆಳೆಯುವುದಿಲ್ಲ. ನಿಮ್ಮ ಬಜೆಟ್ಟಿನಲ್ಲಿ ಬರುವ ಮಧ್ಯಮ ದರ್ಜೆಯ ಗ್ರಾಫಿಕ್ಸ್ ಕಾರ್ಡಿನ ಜೊತೆ ಇಂದಿನ ಆರು ಕೋರಿನ (ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕವೇ ಕೋರ್) ಪ್ರೊಸೆಸರನ್ನು ಕೂಡಿಸಿದಾಗ, ದೊಡ್ಡ ಆಟಗಳಲ್ಲಿ ಬಹುಪಾಲು ಹೀಗೆಯೇ ಆಗುತ್ತದೆ.

ವ್ಯಾಲರಂಟ್, ಕೌಂಟರ್-ಸ್ಟ್ರೈಕ್‌ನಂಥ ಸ್ಪರ್ಧೆಯ ಆಟಗಳಲ್ಲಿ ಮಾತ್ರ ಲೆಕ್ಕ ತಿರುವುಮುರುವಾಗುತ್ತದೆ. ಅಲ್ಲಿ ಆಟಗಾರರು ಚಿತ್ರದ ಗುಣಮಟ್ಟವನ್ನು ತಗ್ಗಿಸಿ ಫ್ರೇಮುಗಳನ್ನು ಹೆಚ್ಚಿಸಿಕೊಳ್ಳುವುದರಿಂದ ಕಾರ್ಡಿನ ಕೆಲಸ ಹಗುರವಾಗಿ, ಪ್ರೊಸೆಸರೇ ಹಿಂದೆ ಬೀಳುತ್ತದೆ. ನಿಮ್ಮ ಯಂತ್ರದಲ್ಲೇ ಇದನ್ನು ಪರೀಕ್ಷಿಸಬಹುದು. ಆಟ ನಡೆಯುತ್ತಿರುವಾಗ ರೆಸಲ್ಯೂಶನ್ ತಗ್ಗಿಸಿ ನೋಡಿ; ಫ್ರೇಮಿನ ಸಂಖ್ಯೆ ಏರಿದರೆ ಅಡ್ಡಿಯಾಗಿದ್ದದ್ದು ಕಾರ್ಡ್, ಇದ್ದಲ್ಲೇ ಇದ್ದರೆ ಅಡ್ಡಿ ಪ್ರೊಸೆಸರಿನದು. ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರಿನ ಒಟ್ಟು ಬಳಕೆ ಶೇ. 50 ಎಂದು ತೋರಿಸಿದ ಮಾತ್ರಕ್ಕೆ ಅದು ಅರ್ಧ ಬಿಡುವಾಗಿದೆ ಎಂದು ತಿಳಿಯಬೇಡಿ, ಏಕೆಂದರೆ ಒಂದೇ ಕೋರ್ ಪೂರ್ತಿ ದುಡಿದು ಉಳಿದವು ಅದಕ್ಕಾಗಿ ಕಾದು ಕುಳಿತಿರುವ ಸಾಧ್ಯತೆ ಇರುತ್ತದೆ.

2014ರ ನಿಮ್ಮ ಐ5-4590ರಲ್ಲಿ ನಾಲ್ಕು ಕೋರುಗಳಿವೆ, ನಾಲ್ಕೇ ಥ್ರೆಡ್ಡುಗಳಿವೆ, ಅಂದರೆ ಒಮ್ಮೆಗೆ ನಾಲ್ಕೇ ಕೆಲಸಗಳ ಸಾಲನ್ನು ಅದು ನಡೆಸಬಲ್ಲದು. ಕೌಂಟರ್-ಸ್ಟ್ರೈಕ್ 2ರಲ್ಲಿ ಅದು ಏದುಸಿರು ಬಿಡುತ್ತಿರುವುದು ನಿಮಗೆ ಈಗಾಗಲೇ ಗೊತ್ತಿರಬೇಕು. ಅಂದರೆ ನಿಮಗೆ ಹೊಸ ಪ್ರೊಸೆಸರ್ ಬೇಕು ಎಂಬುದರಲ್ಲಿ ಅನುಮಾನವಿಲ್ಲ. ಅದು ಎಷ್ಟು ಹೊಸದಾಗಿರಬೇಕು ಎಂಬುದಷ್ಟೇ ಪ್ರಶ್ನೆ. 4590ರಿಂದ 7600ಕ್ಕೆ ಹೋದಾಗ ನಿಮಗೆ ಸಿಗುವ ಏರಿಕೆ ಎಷ್ಟು ದೊಡ್ಡದೆಂದರೆ, 7600ರಿಂದ ಮುಂದಿನ ತಲೆಮಾರಿಗೆ ಇರುವ ಅಂತರ ಅದರ ಮುಂದೆ ತೀರ ಚಿಕ್ಕದಾಗಿ ಕಾಣುತ್ತದೆ. ಆ ದೊಡ್ಡ ಏರಿಕೆಯನ್ನು ಚಿಕ್ಕದಕ್ಕಾಗಿ ತಿಂಗಳುಗಟ್ಟಲೆ ಮುಂದೂಡುವುದು ನನಗೆ ಸರಿಕಾಣುವುದಿಲ್ಲ. ಇದಲ್ಲದೆ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ; ನಿಮ್ಮ ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ; ವಿಂಡೋಸ್ 11ರಲ್ಲಿ ವ್ಯಾಲರಂಟ್ ಓಡಬೇಕಾದರೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ಸೌಲಭ್ಯಗಳೂ ಬೇಕು. ಹೀಗಾಗಿ ಹಳೆಯ ಯಂತ್ರದಲ್ಲಿ ಇನ್ನೊಂದು ವರ್ಷ ತಳ್ಳುವುದು ನಿಮಗೆ ಕಷ್ಟವೇ.

ಇನ್ನು ‘ಬರ್ತದ’ ಎಂಬ ಮಾತಿನ ವಿಷಯ. ಈ ಒಂದು ಮಾತಿನೊಳಗೆ ಹಲವು ಬೇರೆ ಬೇರೆ ದಿನಗಳು ಅಡಗಿವೆ. ಕಂಪನಿ ವೇದಿಕೆಯ ಮೇಲೆ ಘೋಷಿಸುವ ದಿನ ಒಂದು, ಅಮೆರಿಕದಲ್ಲಿ ಮಾರಾಟಕ್ಕೆ ಬರುವ ದಿನ ಇನ್ನೊಂದು, ಬೆಂಗಳೂರಿನ ಎಸ್.ಪಿ. ರಸ್ತೆಗೋ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೋ ಸರಕು ತಲುಪುವ ದಿನ ಮತ್ತೊಂದು. ಅಲ್ಲಿಂದ ಬಳ್ಳಾರಿ, ರಾಯಚೂರಿನ ಅಂಗಡಿಗಳಿಗೆ ನ್ಯಾಯವಾದ ಬೆಲೆಯಲ್ಲಿ ಬಂದು ಸೇರುವುದು ಎಲ್ಲಕ್ಕಿಂತ ಕೊನೆಗೆ. ಅದಕ್ಕೂ ಮುಖ್ಯವಾದ ಸಂಗತಿಯೆಂದರೆ, ಮೊದಲು ಬರುವುದು ಬಹುತೇಕ ದುಬಾರಿ ಮಾದರಿಗಳೇ. ನಿಮ್ಮಂಥವರು ಕಾಯುತ್ತಿರುವ ಆರು ಕೋರಿನ ಅಗ್ಗದ ಮಾದರಿ ಅವುಗಳ ಹಿಂದೆ ನಿಧಾನವಾಗಿ ಬರುತ್ತದೆ. ಇಂಟೆಲಿನ 12ನೇ ತಲೆಮಾರಿನ ದುಬಾರಿ ‘ಕೆ’ ಮಾದರಿಗಳು 2021ರ ನವೆಂಬರಿನಲ್ಲಿ ಬಂದವು, ಸಾಮಾನ್ಯರು ಕೊಳ್ಳುವ ಐ5-12400 ಬಂದದ್ದು 2022ರ ಜನವರಿಯಲ್ಲಿ. ನೀವು ಮೆಚ್ಚಿಕೊಂಡಿರುವ ರೈಜೆನ್ 7600ರ ಕತೆಯೂ ಅದೇ: 7600ಎಕ್ಸ್ 2022ರ ಸೆಪ್ಟೆಂಬರಿನಲ್ಲಿ 299 ಡಾಲರಿಗೆ ಬಂದಿತು, 7600 ಅದರ ಮುಂದಿನ ಜನವರಿಯಲ್ಲಿ 229 ಡಾಲರಿಗೆ. ಎಲ್ಲಕ್ಕಿಂತ ದೀರ್ಘವಾದ ಕಾಯುವಿಕೆ ರೈಜೆನ್ 5000 ತಲೆಮಾರಿನದು. 2020ರ ನವೆಂಬರಿನಲ್ಲಿ 5600ಎಕ್ಸ್ ಬಂದ ಮೇಲೆ, ಅದರ ಅಗ್ಗದ ಜೋಡಿಯಾದ 5600 ಮಾರುಕಟ್ಟೆಗೆ ಬರಲು 2022ರ ಏಪ್ರಿಲ್ ಆಗಬೇಕಾಯಿತು. ಅಂದರೆ ಹದಿನೇಳು ತಿಂಗಳು. ಗೆಳೆಯರು ‘ಸ್ವಲ್ಪ ತಡಿ’ ಎನ್ನುವಾಗ ಅವರ ಮನಸ್ಸಿನಲ್ಲಿರುವುದು ಮೊದಲ ದಿನ; ನಿಮ್ಮ ಜೇಬಿಗೆ ಸಂಬಂಧಿಸಿದ್ದು ಕೊನೆಯ ದಿನ.

ಆ 5000 ತಲೆಮಾರಿನ ಸಂದರ್ಭದಲ್ಲಿ ನಾನೇ ಒಬ್ಬರಿಗೆ ಕಾಯಲು ಹೇಳಿದ್ದೆ. 2020ರ ಸೆಪ್ಟೆಂಬರಿನಲ್ಲಿ ಕೊಪ್ಪಳದ ತರುಣರೊಬ್ಬರು ಬಳ್ಳಾರಿಗೆ ಬಂದು, ರೈಜೆನ್ 5 3600 ಮತ್ತು ಜಿಟಿಎಕ್ಸ್ 1660 ಸೂಪರ್ ಇಟ್ಟು ಒಂದು ಯಂತ್ರ ಜೋಡಿಸಿಕೊಡಿ ಎಂದು ಕೇಳಿದರು. ಹಣ ಎಣಿಸಿ ತಂದಿದ್ದರು, ಸಾಮಾನೂ ಸಿಗುತ್ತಿತ್ತು. ಹೊಸ ತಲೆಮಾರಿನ ಘೋಷಣೆ ಅಕ್ಟೋಬರಿನಲ್ಲಿದೆ, ದೀಪಾವಳಿ ಕಳೆಯಲಿ ಎಂದು ಹೇಳಿ ನಾನು ಅವರನ್ನು ಕಳುಹಿಸಿದೆ. ಹೊಸ ಪ್ರೊಸೆಸರ್ ಹೇಳಿದ ಸಮಯಕ್ಕೆ ಬಂದಿತು, ಆದರೆ 3600 ಬಿಡುಗಡೆಯಾದದ್ದು 199 ಡಾಲರಿಗಾದರೆ 5600ಎಕ್ಸ್ ಬಂದದ್ದು 299 ಡಾಲರಿಗೆ. ಅದೂ ಕೈಗೆ ಸಿಗುವಷ್ಟು ಸರಕು ಇರಲಿಲ್ಲ. ಅಷ್ಟರಲ್ಲಿ ಕ್ರಿಪ್ಟೋ ಗಣಿಗಾರಿಕೆಯ (ಡಿಜಿಟಲ್ ನಾಣ್ಯ ಗಳಿಸಲು ಗ್ರಾಫಿಕ್ಸ್ ಕಾರ್ಡುಗಳನ್ನು ದುಡಿಸುವುದು) ಭರ ಮತ್ತು ಚಿಪ್ ಕೊರತೆ ಒಟ್ಟಿಗೆ ಬಂದು, ಅವರು ಬಯಸಿದ್ದ ಅದೇ ಗ್ರಾಫಿಕ್ಸ್ ಕಾರ್ಡಿನ ಬೆಲೆ ಮುಂದಿನ ವರ್ಷ ಎರಡು ಪಟ್ಟಾಯಿತು. ಅವರು ಕಂಪ್ಯೂಟರ್ ಕಟ್ಟಿಸಿದ್ದು 2022ರ ನಡುವಿನಲ್ಲಿ. ಪದವಿಯ ಕೊನೆಯ ಎರಡು ವರ್ಷಗಳನ್ನು ಅವರು ಆ ಯಂತ್ರವಿಲ್ಲದೆ ಕಳೆದರು, ಮತ್ತು ಅದಕ್ಕೆ ನನ್ನ ಸಲಹೆ ಕಾರಣವಾಗಿತ್ತು. ನಾನು ಪ್ರೊಸೆಸರಿನ ಮೇಲೆ ಕಣ್ಣಿಟ್ಟು ಉಳಿದ ಭಾಗಗಳನ್ನು ಮರೆತಿದ್ದೆ. ಕಂಪ್ಯೂಟರ್ ಎಂಬುದು ಏಳೆಂಟು ಭಾಗಗಳ ಕೂಟ. ಒಂದರ ಬೆಲೆ ಇಳಿಯಲೆಂದು ಕಾಯುವಾಗ ಇನ್ನೊಂದರ ಬೆಲೆ ಏರಬಹುದು.

ಇದನ್ನು ಈಗ ಒತ್ತಿ ಹೇಳಲು ಕಾರಣವಿದೆ. 2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ಬೆಲೆ ತೀವ್ರವಾಗಿ ಏರಿತು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳ ಬೇಡಿಕೆಯನ್ನು ಪೂರೈಸಲು ಮೆಮೊರಿ ತಯಾರಕರು ತಮ್ಮ ಉತ್ಪಾದನೆಯನ್ನು ಆ ಕಡೆ ತಿರುಗಿಸಿದ್ದರಿಂದ ಮನೆಬಳಕೆಯ ಡಿಡಿಆರ್5 ರ‍್ಯಾಮ್ ದುಬಾರಿಯಾಯಿತು. ಹಳೆಯ ಡಿಡಿಆರ್4 ತಯಾರಿಕೆಯನ್ನೂ ಕಡಿತಗೊಳಿಸುತ್ತ ಬಂದದ್ದರಿಂದ ಅದೂ ಅಗ್ಗವಾಗಿ ಉಳಿಯಲಿಲ್ಲ. ಎಸ್‌ಎಸ್‌ಡಿಯೊಳಗೆ ಇರುವುದೂ ಮೆಮೊರಿ ಚಿಪ್ಪೇ ಆದ್ದರಿಂದ ಅದರ ಬೆಲೆಯ ಮೇಲೂ ಒಂದು ಕಣ್ಣಿರಲಿ. ಇಂಥ ಕಾಲದಲ್ಲಿ ಪ್ರೊಸೆಸರಿನಲ್ಲಿ ಎರಡು ಸಾವಿರ ಉಳಿಸಲು ಹೋಗಿ ರ‍್ಯಾಮಿನಲ್ಲಿ ಅದಕ್ಕಿಂತ ಹೆಚ್ಚು ಕಳೆದುಕೊಳ್ಳುವ ಅಪಾಯ ನಿಜವಾದದ್ದು. ಕೈಗೆ ಎಟಕುವ ಬೆಲೆಯಲ್ಲಿ ರ‍್ಯಾಮ್ ಸಿಕ್ಕ ದಿನವೇ ಅದನ್ನು ಮೊದಲು ಕೊಂಡಿಡಿ.

ಹೊಸತು ಬಂದಾಗ ಹಳೆಯದು ಅಗ್ಗವಾಗುತ್ತದೆ ಎಂಬ ವಾದವೂ ಇದೆ. ಅದು ಅನೇಕ ಸಲ ನಿಜವಾಗಿದೆ, ಆದರೆ ಯಾವಾಗಲೂ ಅಲ್ಲ. ಆಟಗಾರರು ಬಹಳ ಮೆಚ್ಚಿದ ರೈಜೆನ್ 7 7800ಎಕ್ಸ್3ಡಿ 2024ರ ಬೇಸಿಗೆಯಲ್ಲಿ ಸಿಗುತ್ತಿದ್ದ ಬೆಲೆಗೆ ಅದೇ ವರ್ಷದ ಕೊನೆಯಲ್ಲಿ ಸಿಗಲಿಲ್ಲ. ಉತ್ತರಾಧಿಕಾರಿಯಾದ 9800ಎಕ್ಸ್3ಡಿ ನವೆಂಬರಿನಲ್ಲಿ ಬರುವ ಹೊತ್ತಿಗೆ ಹಳೆಯದರ ಸರಕು ಕರಗಿ ಬೆಲೆ ಮೇಲೇರಿತ್ತು.

ಹೊಸತೆಲ್ಲ ಆಟಕ್ಕೆ ಮೇಲು ಎಂಬ ನಂಬಿಕೆಯನ್ನೂ ಚರಿತ್ರೆ ಒಪ್ಪುವುದಿಲ್ಲ. 2021ರಲ್ಲಿ ಬಂದ ಇಂಟೆಲ್ ಐ9-11900ಕೆಯಲ್ಲಿ ಎಂಟು ಕೋರುಗಳಿದ್ದವು, ಅದರ ಹಿಂದಿನ 10900ಕೆಯಲ್ಲಿ ಹತ್ತಿದ್ದವು. 2024ರ ಆಗಸ್ಟಿನ ರೈಜೆನ್ 9600ಎಕ್ಸ್ ಮತ್ತು 9700ಎಕ್ಸ್ ಆಟಗಳಲ್ಲಿ ಹಿಂದಿನ ತಲೆಮಾರಿಗಿಂತ ಅಲ್ಪವೇ ಮುಂದಿದ್ದವು. ಅದೇ ವರ್ಷದ ಅಕ್ಟೋಬರಿನ ಇಂಟೆಲ್ ಕೋರ್ ಅಲ್ಟ್ರಾ 200ಎಸ್ ಸರಣಿ ವಿದ್ಯುತ್ ಬಳಕೆಯಲ್ಲಿ ಸುಧಾರಿಸಿತಾದರೂ ಬಿಡುಗಡೆಯ ಹೊತ್ತಿಗೆ ಅನೇಕ ಆಟಗಳಲ್ಲಿ ತನ್ನದೇ 14ನೇ ತಲೆಮಾರಿನ ಹಿಂದೆ ಬಿತ್ತು. ಹೊಸ ಯಂತ್ರಗಳ ಮೊದಲ ತಿಂಗಳುಗಳಲ್ಲಿ ಬಾಲಗ್ರಹಗಳೂ ಇರುತ್ತವೆ. 2023ರ ಏಪ್ರಿಲಿನಲ್ಲಿ 7600 ಕೂರುವ ಎಎಂ5 ಬೋರ್ಡುಗಳ ಕೆಲವು ಪ್ರೊಸೆಸರುಗಳು ಸುಟ್ಟುಹೋದ ಮೇಲೆ, ಎಸ್‌ಒಸಿ ವೋಲ್ಟೇಜನ್ನು (ಚಿಪ್ಪಿನ ಒಂದು ಭಾಗಕ್ಕೆ ಹೋಗುವ ವಿದ್ಯುತ್ ಒತ್ತಡ) 1.3 ವೋಲ್ಟಿಗೆ ಮಿತಿಗೊಳಿಸುವ ಹೊಸ ಬಯೋಸ್ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ಕೊಡಬೇಕಾಯಿತು. ಇಂಟೆಲಿನ 13 ಮತ್ತು 14ನೇ ತಲೆಮಾರಿನ ಮೇಲ್ದರ್ಜೆಯ ಚಿಪ್ಪುಗಳ ಅಸ್ಥಿರತೆಗೆ 2024ರಲ್ಲಿ ಮೈಕ್ರೋಕೋಡ್ (ಚಿಪ್ಪಿನೊಳಗಿನ ಆದೇಶಗಳು) ತಿದ್ದುಪಡಿ ಬಂದಿತು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಲಾಯಿತು. ಬೆಂಗಳೂರಿನವರು ಕೆಟ್ಟ ಭಾಗವನ್ನು ಅಂದೇ ಸರ್ವಿಸ್ ಸೆಂಟರಿಗೆ ಒಯ್ಯುತ್ತಾರೆ. ಸಿಂಧನೂರಿನ ನೀವು ಅದನ್ನು ಪಾರ್ಸೆಲ್ ಮಾಡಿ ವಾರಗಟ್ಟಲೆ ಕಾಯಬೇಕಾಗುತ್ತದೆ. ಆದ್ದರಿಂದ ಒಂದೆರಡು ವರ್ಷ ಬಾಳಿ ತನ್ನ ತಪ್ಪುಗಳನ್ನು ತಿದ್ದಿಸಿಕೊಂಡ ಪ್ರೊಸೆಸರಿಗೆ ನಮ್ಮ ಕಡೆ ಹೆಚ್ಚಿನ ಬೆಲೆ ಇದೆ ಎಂದು ನಾನು ದೃಢವಾಗಿ ನಂಬುತ್ತೇನೆ.

ಕಾಯುವ ಪ್ರಶ್ನೆಗೆ ನಿಜವಾದ ಪರಿಹಾರ ಇರುವುದು ಸಾಕೆಟಿನಲ್ಲಿ, ಅಂದರೆ ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗದಲ್ಲಿ. ಪ್ರೊಸೆಸರನ್ನು ನಾಳೆ ಬದಲಿಸಬಹುದು. ಅದು ಕೂರುವ ಮದರ್‌ಬೋರ್ಡನ್ನು ಬದಲಿಸುವುದೆಂದರೆ ಮನೆಯ ಪಾಯವನ್ನೇ ಕಿತ್ತಂತೆ. ಎಎಂಡಿಯ ಹಿಂದಿನ ಎಎಂ4 ಸಾಕೆಟಿನ ಬಾಳಿಕೆಯನ್ನು ನೋಡಿ. 2017ರಲ್ಲಿ ಬಿ350 ಬೋರ್ಡ್ ಕೊಂಡು ಮೊದಲ ತಲೆಮಾರಿನ ರೈಜೆನ್ ಹಾಕಿಸಿದವರಲ್ಲಿ ಅನೇಕರು, ಐದು ವರ್ಷಗಳ ನಂತರ ಬಯೋಸ್ ಮಾತ್ರ ಬದಲಿಸಿ ಅದೇ ಬೋರ್ಡಿನಲ್ಲಿ 5800ಎಕ್ಸ್3ಡಿ ಕೂರಿಸಿದರು. ಆ ಚಿಪ್ಪಿನಲ್ಲಿ ಎಲ್3 ಕ್ಯಾಶ್ 32ರಿಂದ 96 ಎಂಬಿಗೆ ಏರಿತ್ತು; ಆಟದ ಮಾಹಿತಿ ಪ್ರೊಸೆಸರಿನ ಪಕ್ಕದಲ್ಲೇ ಸಿಗುವಂತಾಗಿ, ರ‍್ಯಾಮಿನವರೆಗೆ ಹೋಗಿಬರುವ ಸಮಯ ಉಳಿಯುತ್ತಿತ್ತು. ಇಂಟೆಲಿನ ಪದ್ಧತಿ ಬೇರೆ. 2017ರ ಕೊನೆಯಲ್ಲಿ ಬಂದ ಅದರ 8ನೇ ತಲೆಮಾರು ಹಿಂದಿನ ಎಲ್‌ಜಿಎ 1151 ಎಂಬ ಹೆಸರಿನ ಸಾಕೆಟಿಗೇ ಬಂದರೂ ಹಳೆಯ ಬೋರ್ಡುಗಳಲ್ಲಿ ಓಡಲಿಲ್ಲ; ಆಮೇಲೆ 1200, 1700, 1851 ಎಂದು ಸಾಕೆಟ್ ಬದಲಾಗುತ್ತ ಬಂದಿದೆ. ಇದರಿಂದ ಇಂಟೆಲ್ ಕೆಟ್ಟದ್ದು ಎಂದಾಗುವುದಿಲ್ಲ. ಆದರೆ ಇಂದು ಸ್ವಲ್ಪ, ನಾಳೆ ಸ್ವಲ್ಪ ಎಂದು ಕೂಡಿಸಿ ಕಟ್ಟುವವರಿಗೆ ಎಎಂಡಿಯ ಪದ್ಧತಿಯೇ ಅನುಕೂಲ.

7600 ಕೂರುವ ಎಎಂ5 ಸಾಕೆಟಿಗೆ 2027 ಮತ್ತು ಅದರಾಚೆಗೂ ಬೆಂಬಲ ಕೊಡುವುದಾಗಿ ಎಎಂಡಿ 2024ರಲ್ಲಿ ಹೇಳಿದೆ. ಆದ್ದರಿಂದ ನೀವು ಇಂದು 7600 ಕೊಂಡರೆ ಹೊಸತರ ಬಾಗಿಲು ಮುಚ್ಚಿಕೊಂಡಂತೆ ಆಗುವುದಿಲ್ಲ. ಇನ್ನೂ ಬಾರದ ಮಾದರಿಯನ್ನು ಬಿಟ್ಟರೂ, ಎರಡು ಮೂರು ವರ್ಷದ ನಂತರ 9800ಎಕ್ಸ್3ಡಿಯಂಥ ಎಂಟು ಕೋರಿನ ಚಿಪ್ಪನ್ನು ಇದೇ ಬೋರ್ಡಿಗೆ ಹಾಕಿಕೊಳ್ಳಬಹುದು. ಅಂಗಡಿಯವರು ಅಗ್ಗವೆಂದು ಎಎಂ4 ಬೋರ್ಡಿನ ಜೊತೆ 5600 ತೋರಿಸಿದರೆ, ಅದು ಒಳ್ಳೆಯ ಪ್ರೊಸೆಸರೇ ಆದರೂ ಆ ದಾರಿ ಅಲ್ಲಿಗೇ ಮುಗಿಯುತ್ತದೆ ಎಂಬುದು ಗಮನದಲ್ಲಿರಲಿ. ನಿಮ್ಮ ಈಗಿನ ರ‍್ಯಾಮ್ ಡಿಡಿಆರ್3 ಆದ್ದರಿಂದ ಯಾವ ದಾರಿ ಹಿಡಿದರೂ ಹೊಸ ರ‍್ಯಾಮ್ ಬೇಕೇ ಬೇಕು. ಎಂಟೆಂಟರ ಎರಡು ಕಡ್ಡಿಗಳಿಗಿಂತ 16 ಜಿಬಿಯ ಒಂದೇ ಕಡ್ಡಿ ಹಾಕಿಸಿ, ಬೆಲೆ ಇಳಿದಾಗ ಅಂಥದ್ದೇ ಇನ್ನೊಂದನ್ನು ಸೇರಿಸುವುದು ನಿಮ್ಮ ಬಜೆಟ್ಟಿಗೆ ಒಪ್ಪುತ್ತದೆ. ಒಂದೇ ಕಡ್ಡಿಯಿಂದ ವೇಗ ಸ್ವಲ್ಪ ತಗ್ಗುತ್ತದೆ, ನಿಜ. ಆದರೆ ಎರಡನೆಯದನ್ನು ಸೇರಿಸುವಾಗ ಮೊದಲನೆಯದನ್ನು ಕಿತ್ತು ಮೂಲೆಗಿಡುವ ಪ್ರಸಂಗ ಬರುವುದಿಲ್ಲ.

90,000 ರೂಪಾಯಿಯಲ್ಲಿ ಶೇ. 40ರಷ್ಟು ಗ್ರಾಫಿಕ್ಸ್ ಕಾರ್ಡಿಗೆ ಹೋಗಲಿ. 2025ರಲ್ಲಿ ಬಂದ ರೇಡಿಯಾನ್ ಆರ್‌ಎಕ್ಸ್ 9060 ಎಕ್ಸ್‌ಟಿ ಅಥವಾ ಆರ್‌ಟಿಎಕ್ಸ್ 5060 ಈ ವಲಯದ ಕಾರ್ಡುಗಳು. ಮೊದಲನೆಯದು 8 ಮತ್ತು 16 ಜಿಬಿ ಎರಡೂ ರೂಪಗಳಲ್ಲಿ ಸಿಗುತ್ತದೆ; ಬೆಲೆ ಹೊಂದಿದರೆ 16 ಜಿಬಿಯದನ್ನೇ ಆರಿಸಿ, ಏಕೆಂದರೆ ಹೊಸ ದೊಡ್ಡ ಆಟಗಳಿಗೆ 8 ಜಿಬಿ ಸಾಲದೆ ಬರುತ್ತಿದೆ. ನೀವು ಕೇಳದಿದ್ದರೂ ಮಾನಿಟರಿನ ಬಗ್ಗೆ ಹೇಳಲೇಬೇಕು. 60 ಹರ್ಟ್ಸ್ ಪರದೆ 16.7 ಮಿಲಿಸೆಕೆಂಡಿಗೆ ಒಂದು ಚಿತ್ರ ತೋರಿಸುತ್ತದೆ. 144 ಹರ್ಟ್ಸಿನದು 6.9 ಮಿಲಿಸೆಕೆಂಡಿಗೆ ಒಂದು. ಪ್ರೊಸೆಸರ್ ಸೆಕೆಂಡಿಗೆ 250 ಫ್ರೇಮ್ ಕೊಟ್ಟರೂ ನಿಮ್ಮ ಈಗಿನ ಪರದೆ ತೋರಿಸುವುದು 60 ಮಾತ್ರ. ಮುಂದಿನ ತಲೆಮಾರಿಗೆ ಎಂದು ಎತ್ತಿಡುವ ಹಣವನ್ನು ಆರು ತಿಂಗಳ ನಂತರ ಒಳ್ಳೆಯ 144 ಹರ್ಟ್ಸ್ ಮಾನಿಟರಿಗೆ ಹಾಕಿದರೆ ವ್ಯಾಲರಂಟಿನಲ್ಲಿ ವ್ಯತ್ಯಾಸ ಮೊದಲ ಸಂಜೆಯೇ ಕಾಣುತ್ತದೆ.

ನಮ್ಮ ಸೀಮೆಯ ಬಿಸಿಲು ಕೂಡ ಪ್ರೊಸೆಸರಿನ ಆಯ್ಕೆಯಲ್ಲಿ ಪಾಲು ಕೇಳುತ್ತದೆ. ಕೂಲರ್ ಎಂಬುದು ಪ್ರೊಸೆಸರನ್ನು ಕೋಣೆಯ ಉಷ್ಣತೆಗಿಂತ ಇಷ್ಟು ಡಿಗ್ರಿ ಮೇಲೆ ಎಂಬ ಲೆಕ್ಕದಲ್ಲಿ ಹಿಡಿದಿಡುತ್ತದೆ. 28 ಡಿಗ್ರಿಯ ಕೋಣೆಯಲ್ಲಿ 73 ತೋರಿಸಿದ ಪ್ರೊಸೆಸರ್, ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರಿನ ಕೋಣೆ 41ಕ್ಕೆ ಏರಿದಾಗ ಅದೇ ಕೆಲಸಕ್ಕೆ 86 ತೋರಿಸುತ್ತದೆ. ಯೂಟ್ಯೂಬಿನಲ್ಲಿ ಎ.ಸಿ. ಕೋಣೆಯೊಳಗೆ ಪರೀಕ್ಷಿಸಿದ ಅಂಕಿಗಳನ್ನು ನಂಬಿ ಮೇಲ್ದರ್ಜೆಯ ಚಿಪ್ ತಂದವರು ಬೇಸಿಗೆಯಲ್ಲಿ ಅದರ ವೇಗ ಕುಸಿಯುವುದನ್ನು ನೋಡಬೇಕಾಗುತ್ತದೆ. 65 ವ್ಯಾಟಿನ 7600 ಆ ದೃಷ್ಟಿಯಿಂದಲೂ ನಿಮ್ಮ ಮನೆಗೆ ಒಗ್ಗುತ್ತದೆ. ಅಕ್ಕಿ ಗಿರಣಿಯ ಹೊಟ್ಟು, ಹತ್ತಿ ಜಿನ್ನಿಂಗ್ ಬೀದಿಗಳ ಎಳೆ, ಸಂಡೂರು-ತೋರಣಗಲ್ಲು ಕಡೆಯ ಅದಿರಿನ ಕೆಂಪು ದೂಳು, ಇವೆಲ್ಲ ಫ್ಯಾನುಗಳಿಗೆ ಶತ್ರುಗಳೇ ಆದ್ದರಿಂದ ಮುಂಭಾಗದಲ್ಲಿ ಫಿಲ್ಟರ್ ಇರುವ ಕ್ಯಾಬಿನೆಟ್ ತೆಗೆದುಕೊಂಡು ತಿಂಗಳಿಗೊಮ್ಮೆ ಅದನ್ನು ಜಾಡಿಸಿ. ಯಂತ್ರದ ಭಾಗಗಳಿಗೆ ವಿದ್ಯುತ್ ಹಂಚುವ ಒಳ್ಳೆಯ 550 ವ್ಯಾಟಿನ ಎಸ್‌ಎಂಪಿಎಸ್ ಮತ್ತು 1000 ವಿಎ ಯುಪಿಎಸ್ ಬೇಕು. ಸಾಮಾನ್ಯವಾಗಿ ಮಾರುವ 600 ವಿಎ ಯುಪಿಎಸ್ ಸುಮಾರು 360 ವ್ಯಾಟನ್ನಷ್ಟೇ ಹೊರುವುದರಿಂದ ಆಟದ ನಡುವೆ ಕರೆಂಟ್ ಹೋದಾಗ ಕೈಕೊಡಬಹುದು.

ಹಾಗಾದರೆ ಯಾರು ಕಾಯಬೇಕು? ಈಗಿರುವ ಯಂತ್ರದಲ್ಲಿ ಆಟ ತೊಂದರೆಯಿಲ್ಲದೆ ನಡೆಯುತ್ತಿರುವವರು, ಮೇಲ್ದರ್ಜೆಯ ಚಿಪ್ಪನ್ನೇ ಕೊಳ್ಳಲು ಹಣವಿರುವವರು, 240 ಹರ್ಟ್ಸ್ ಪರದೆಯಲ್ಲಿ ಸ್ಪರ್ಧೆಗಾಗಿ ಆಡುವವರು ಕಾಯಬಹುದು. ಅವರೂ ಕಂಪನಿಯೇ ಮಾರಾಟದ ದಿನಾಂಕ ಮತ್ತು ಬೆಲೆಯನ್ನು ಪ್ರಕಟಿಸಿದ್ದರೆ, ಆ ದಿನ ಆರೆಂಟು ವಾರದೊಳಗಿದ್ದರೆ ಮಾತ್ರ ಕಾಯಲಿ. ‘ಲೀಕ್’ ಎಂದು ಹರಿದಾಡುವ ಸುದ್ದಿಯ ಮೇಲೆ ಯಾರೂ ಹಣ ತಡೆಹಿಡಿಯಬಾರದು. ಹದ ಬಂದ ನೆಲವನ್ನು ಬಿತ್ತದೆ ಬಿಟ್ಟು ಮುಂದಿನ ಮಳೆ ಇನ್ನೂ ಚೆನ್ನಾಗಿ ಬರುತ್ತದೆಂದು ಕೂರುವ ರೈತನನ್ನು ನಿಮ್ಮ ಸಿಂಧನೂರಿನಲ್ಲಿ ನೀವು ಕಂಡಿರಲಾರಿರಿ.

ಕೊಳ್ಳುವಾಗ ಪೆಟ್ಟಿಗೆ ಸಮೇತ ಇರುವ, ಮೂರು ವರ್ಷದ ವಾರಂಟಿಯ ಪ್ರೊಸೆಸರನ್ನೇ ಕೇಳಿ. ‘ಟ್ರೇ’ ಎಂದು ಪೆಟ್ಟಿಗೆಯಿಲ್ಲದೆ ಮಾರುವುದು ಅಗ್ಗವಾದರೂ ಅದಕ್ಕೆ ತಯಾರಕರ ನೇರ ವಾರಂಟಿ ಇರುವುದಿಲ್ಲ. ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ಸಂಖ್ಯೆ ಬರೆಯಿಸಿಕೊಳ್ಳಿ. ಎಎಂ5 ಸಾಕೆಟಿನ ಬಿ650 ಬೋರ್ಡ್ ಆರಿಸುವಾಗ ಅದರ ಹಿಂಭಾಗದಲ್ಲಿ ಬಯೋಸ್ ಫ್ಲ್ಯಾಶ್‌ಬ್ಯಾಕ್ ಗುಂಡಿ ಇದೆಯೇ ನೋಡಿ. ಅದಿದ್ದರೆ ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವಿನಿಂದ ಹೊಸ ಬಯೋಸ್ ಹಾಕಬಹುದು. ಅದಿಲ್ಲದ ಬೋರ್ಡಾದರೆ, ಮುಂದೊಂದು ದಿನ ಹೊಸ ತಲೆಮಾರಿನ ಚಿಪ್ ತಂದಾಗ 7600 ಇನ್ನೂ ಕೂತಿರುವಾಗಲೇ ಬಯೋಸ್ ಬದಲಿಸಿ, ಆಮೇಲೆ ಅದನ್ನು ತೆಗೆಯಿರಿ. ಎರಡರಲ್ಲಿ ಯಾವ ರೀತಿ ಮಾಡಿದರೂ ಯಂತ್ರ ಯುಪಿಎಸ್ ಮೇಲಿರಲಿ, ಬ್ಯಾಟರಿ ಪೂರ್ತಿ ತುಂಬಿರಲಿ. ಬಯೋಸ್ ಬರೆಯುತ್ತಿರುವ ಆ ಕೆಲವು ನಿಮಿಷಗಳಲ್ಲಿ ಕರೆಂಟ್ ಹೋದರೆ ಬೋರ್ಡೇ ಏಳದೆ ಹೋಗಬಹುದು.